ಹಿತ್ತಿಲಿನ ಚಪ್ಪರದವರೆಯೂ ಊರಿನ ಯಜಮಾನರ ಕರ್ತವ್ಯವೂ

"ಹಿತ್ತಿಲ ಗಿಡ ಮದ್ದಲ್ಲ" ಎಂಬ ಗಾದೆಯನ್ನು ಅರಿಯದವರಿಲ್ಲ. ಕೈಗೆಟಕುವಷ್ಟು ಸಮೀಪದಲ್ಲಿರುವ ವಸ್ತುವಿನ ಬೆಲೆಯನ್ನು ಮನುಷ್ಯನು ಎಣಿಸುವುದಿಲ್ಲವೆಂಬ ಈ ಮಾತಿಗೆ ಚಪ್ಪರದವರೆಗಿಂತ ಒಳ್ಳೆಯ ನಿದರ್ಶನವು ದೊರೆಯಲಾರದು. ಬಯಲುಸೀಮೆಯ ಹಳ್ಳಿಗಳಲ್ಲಿ ಬಚ್ಚಲ ಮೋರಿಯ ಬಳಿ ಒಂದು ಅವರೆಯ ಬಳ್ಳಿಯಾದರೂ ಇಲ್ಲದ ಮನೆಯು ಹಿಂದೆ ಅಪರೂಪವಾಗಿದ್ದಿತು. ಈಗಲಾದರೋ ಹತ್ತಾರು ಎಕರೆ ಜಮೀನುಳ್ಳ ಕುಟುಂಬದವರೂ ಸಂತೆಯಿಂದ ತರಕಾರಿಯನ್ನು ಕೊಂಡು ತರುವುದನ್ನು ಅನೇಕ ಊರುಗಳಲ್ಲಿ ಕಾಣಬಹುದು. ಹಿತ್ತಿಲೆಂಬುದು ಮುರುಕು ಸಾಮಾನುಗಳನ್ನು ರಾಶಿ ಹಾಕುವ ಸ್ಥಳವಾಗಿದೆ. ಇದು ನೀರಿನ ಅಭಾವದಿಂದಲಾಗಲಿ, ಭೂಮಿಯ ಅಭಾವದಿಂದಲಾಗಲಿ ಒದಗಿದ ಸ್ಥಿತಿಯಲ್ಲ; ಅಲಕ್ಷ್ಯದಿಂದ ಒದಗಿದ ಸ್ಥಿತಿ. ಅಲಕ್ಷ್ಯದಿಂದ ಕೆಟ್ಟದ್ದನ್ನು ಊರಿನ ಮುಖಂಡರು ಮನಸ್ಸು ಮಾಡಿದರೆ ಒಂದೆರಡು ವರ್ಷಗಳಲ್ಲಿಯೇ ಸರಿಪಡಿಸಬಹುದು.

ಅವರೆಯಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು. ಹೊಲದವರೆಯನ್ನು ರಾಗಿಯ ಹೊಲದಲ್ಲಿ ಅಕ್ಕಡಿಯ ಸಾಲಾಗಿ ಬಿತ್ತುವರು; ಅದರ ಕಾಳೇ ಮುಖ್ಯವಾದ ಆಹಾರ. ಚಳಿಗಾಲದಲ್ಲಿ ಸೊಗಡು ಬೀರುವ ಕಾಯನ್ನು ಸುಲಿದು, ಕಾಳನ್ನು ನೆನೆಯಿಟ್ಟು ಹಿತಕಿ ಮಾಡುವ ಸಾರನ್ನು ಮೆಚ್ಚದವರಾರು! ಮಾಗಡಿಯ ಅವರೆಗೆ ಬೆಂಗಳೂರಿನ ಪೇಟೆಯಲ್ಲಿ ಇಂದಿಗೂ ವಿಶೇಷವಾದ ಹೆಸರಿದೆ. ಚಪ್ಪರದವರೆಯು ಇದಕ್ಕಿಂತ ಭಿನ್ನವಾದುದು. ಇದರ ಕಾಯಿ ಅಗಲವಾಗಿಯೂ ತಿರುಳುಳ್ಳದ್ದಾಗಿಯೂ ಇದ್ದು, ಸಿಪ್ಪೆಸಹಿತವಾಗಿ ಪಲ್ಯಕ್ಕೂ ಹುಳಿಗೂ ಉಪಯೋಗವಾಗುತ್ತದೆ. ಬಳ್ಳಿಯು ಬಹು ದೂರ ಹಬ್ಬುವುದು. ಒಮ್ಮೆ ಫಲಕ್ಕೆ ಬಂದರೆ ತಿಂಗಳುಗಟ್ಟಲೆ ಕಾಯುವುದು. ಹಸಿರು, ಬಿಳಿ, ನೇರಿಳೆ ಬಣ್ಣದ ಕಾಯಿಗಳ ತಳಿಗಳು ಊರೂರಿಗೆ ಬೇರೆಬೇರೆಯಾಗಿವೆ. ಹೊಲದವರೆಯನ್ನು ಮಾರುಕಟ್ಟೆಯೇ ಕಾಪಾಡಿಕೊಂಡು ಬಂದಿದೆ. ಹಿತ್ತಿಲಿನ ಅವರೆಗೆ ಮಾರುಕಟ್ಟೆಯ ರಕ್ಷೆಯಿಲ್ಲ. ಮನೆಯವರು ಬಿಟ್ಟರೆ ಆ ತಳಿಯೇ ನಾಮಾವಶೇಷವಾಗುವುದು.

ಆಹಾರದ ದೃಷ್ಟಿಯಿಂದಲೂ ಇದು ಕಡೆಗಣಿಸತಕ್ಕ ವಸ್ತುವಲ್ಲ. ರಾಗಿಯಲ್ಲಿ ಸುಣ್ಣದ ಅಂಶವು ಹೇರಳವಾಗಿದ್ದರೂ ಸಸಾರಜನಕವು ನೂರಕ್ಕೆ ಸುಮಾರು ೭ ಭಾಗ ಮಾತ್ರ. ಒಣಗಿದ ಅವರೆಯ ಕಾಳಿನಲ್ಲಿ ಅದು ನೂರಕ್ಕೆ ೨೦ ಭಾಗಕ್ಕಿಂತಲೂ ಹೆಚ್ಚಾಗಿದೆ. ಧಾನ್ಯಗಳಲ್ಲಿ ಕೊರತೆಯಾಗಿರುವ ಲೈಸಿನ್ ಎಂಬ ಅಂಶವು ದ್ವಿದಳ ಧಾನ್ಯಗಳಲ್ಲಿ ಸಮೃದ್ಧವಾಗಿರುವುದರಿಂದ, ರಾಗಿಯ ಮುದ್ದೆಗೆ ಅವರೆಯ ಸಾರನ್ನು ಕೂಡಿಸಿದ ಹಿರಿಯರ ಏರ್ಪಾಡು ರುಚಿಗೆ ಮಾತ್ರ ಸಂಬಂಧಪಟ್ಟುದಲ್ಲವೆಂಬುದು ಸ್ಪಷ್ಟ. ಎಳೆಯ ಕಾಯಿಯಲ್ಲಿ ಸಸಾರಜನಕವು ಇಷ್ಟಿರದಿದ್ದರೂ, ಹಸಿಯ ತರಕಾರಿಯು ದುಬಾರಿಯಾಗಿರುವ ಕಾಲದಲ್ಲಿ ಮನೆಯ ಮಕ್ಕಳಿಗೆ ದಿನಕ್ಕೊಂದು ಹಿಡಿ ತರಕಾರಿಯನ್ನು ಅದು ಖರ್ಚಿಲ್ಲದೆ ಒದಗಿಸುವುದು. ಆದರೆ ಬಲಿತು ಒಣಗಿದ ಕಾಳನ್ನು ನೆನೆಯಿಟ್ಟು, ಆ ನೀರನ್ನು ಚೆಲ್ಲಿ, ಚೆನ್ನಾಗಿ ಬೇಯಿಸಿಯೇ ಉಣ್ಣತಕ್ಕದ್ದು. ಹಸಿಯ ಕಾಳಿನಲ್ಲಿ ಜೀರ್ಣಕ್ಕೆ ಅಡ್ಡಿಯನ್ನುಂಟುಮಾಡುವ ವಸ್ತುಗಳಿರುವುವು.

ಬಿತ್ತನೆಯ ಕಾಲ

ಚಪ್ಪರದವರೆಯ ಬೇಸಾಯದಲ್ಲಿ ಜನರು ನಿರಾಶರಾಗುವುದಕ್ಕೆ ಮೊದಲನೆಯ ಕಾರಣವು ಕಾಲವನ್ನು ತಪ್ಪುವುದು. ನಾಟಿ ಅವರೆಯು ಹಗಲು ಕಿರಿದಾದಾಗ ಮಾತ್ರ ಹೂ ಬಿಡುವ ಸ್ವಭಾವದ್ದು. ಮಾಘಮಾಸದಲ್ಲಿ ಬಿತ್ತಿದರೂ ಅದು ಬೇಸಗೆಯೆಲ್ಲ ಎಲೆಯನ್ನೇ ಬೆಳೆಸಿಕೊಂಡು, ಮುಂದಿನ ಚಳಿಗಾಲವು ಸಮೀಪಿಸುವವರೆಗೆ ಹೂವನ್ನು ತೋರಿಸುವುದಿಲ್ಲ. ಇದನ್ನರಿಯದವರು ಬಳ್ಳಿಯು ಬಂಜೆಯೆಂದು ಕಿತ್ತುಹಾಕುವರು. ಇದಕ್ಕೆ ಪ್ರತಿಯಾಗಿ, ಕಾರ್ತಿಕದಲ್ಲಿ ಬಿತ್ತಿದ ಬಳ್ಳಿಯು ಮೊಳವುದ್ದ ಬೆಳೆಯುವಷ್ಟರಲ್ಲಿಯೇ ಹೂವಿಗೆ ಬಂದು, ನಾಲ್ಕು ಕಾಯಿಗಳನ್ನು ಕೊಟ್ಟು ಮುಗಿಯುವುದು. ಪುನರ್ವಸು, ಪುಷ್ಯ ಮಳೆಗಳಲ್ಲಿ, ಎಂದರೆ ಜುಲೈ ತಿಂಗಳಲ್ಲಿ, ಬೀಜವನ್ನು ಊರಿದರೆ ಚಪ್ಪರವು ತುಂಬುವುದಕ್ಕೂ ಹಗಲು ಕಿರಿದಾಗುವುದಕ್ಕೂ ಸರಿಹೋಗುವುದು. ಹಿರಿಯರು ಪಂಚಾಂಗವನ್ನು ನೋಡಿ ನಡೆಸುತ್ತಿದ್ದ ಕೆಲಸಕ್ಕೆ ಸಸ್ಯಶಾಸ್ತ್ರದ ಆಧಾರವೂ ಇದೆ.

ಹಗಲಿನ ಉದ್ದವನ್ನು ಗಣಿಸದೆ ವರ್ಷದ ಎಲ್ಲ ಕಾಲದಲ್ಲಿಯೂ ಕಾಯಿ ಬಿಡುವ ಪೊದೆಯವರೆಯ ತಳಿಗಳನ್ನು ವಿಜ್ಞಾನಿಗಳು ಸಿದ್ಧಪಡಿಸಿರುವರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ ೩, ಹೆಬ್ಬಾಳ ಅವರೆ ೪ ಎಂಬುವೂ, ಹೆಸರಘಟ್ಟದ ತೋಟಗಾರಿಕಾ ಸಂಶೋಧನ ಸಂಸ್ಥೆಯ ಅರ್ಕ ಜಯ್, ಅರ್ಕ ವಿಜಯ್ ಎಂಬುವೂ ಈ ಬಗೆಯವು. ಹೊಲದಲ್ಲಿ ಬೆಳೆದು ಪೇಟೆಗೆ ಕಳುಹಿಸುವವರಿಗೆ ಇವು ಬಹು ಉಪಕಾರಿಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇವು ಅಲ್ಪಕಾಲದಲ್ಲಿ ಒಟ್ಟಾಗಿ ಕಾಯಿ ಕೊಟ್ಟು ಮುಗಿಯತಕ್ಕವು. ಮನೆಯ ಹಿತ್ತಿಲಿಗೆ ಬೇಕಾದುದು ದಿನಕ್ಕಿಷ್ಟರಂತೆ ಬಹುಕಾಲ ಕೊಡುವ ಬಳ್ಳಿ. ಹೊಲಕ್ಕೆ ಹೊಸ ತಳಿ, ಹಿತ್ತಿಲಿಗೆ ಹಳೆಯ ಬಳ್ಳಿ ಎಂದು ಇಟ್ಟುಕೊಂಡರೆ ಒಂದು ಇನ್ನೊಂದಕ್ಕೆ ಎದುರಾಗುವುದಿಲ್ಲ.

ಗುಣಿ, ಚಪ್ಪರ, ನೀರು

ಒಂದೂವರೆ ಅಡಿ ಅಗಲ, ಅಷ್ಟೇ ಆಳವುಳ್ಳ ಗುಣಿಯನ್ನು ಮಳೆಗೆ ಮೊದಲೇ ತೋಡಿ ಬಿಸಿಲಿಗೆ ಬಿಟ್ಟು, ಅನಂತರ ಮೇಲ್ಮಣ್ಣಿನೊಂದಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರಸಿ ತುಂಬಬೇಕು. ಗುಣಿಗೆ ನಾಲ್ಕು ಬೀಜಗಳನ್ನು ಒಂದಂಗುಲದ ಆಳದಲ್ಲಿ ಊರಿ, ಮೊಳೆತಮೇಲೆ ಬಲವಾದ ಎರಡು ಸಸಿಗಳನ್ನುಳಿಸಿ ಮಿಕ್ಕವನ್ನು ತೆಗೆದುಬಿಡತಕ್ಕದ್ದು. ಒಂದು ಗುಣಿಗೂ ಇನ್ನೊಂದಕ್ಕೂ ಎಂಟರಿಂದ ಹತ್ತು ಅಡಿ ಅಂತರವಿರಲಿ. ನೀರು ನಿಲ್ಲುವ ತಗ್ಗಿನಲ್ಲಿ ಗುಣಿ ಮಾಡಕೂಡದು, ಬೇರು ಕೊಳೆಯುವುದು.

ಚಪ್ಪರವು ಹೆಂಗಸರ ಕೈಗೆ ಎಟಕುವಂತೆ ಆರಡಿಯ ಎತ್ತರದಲ್ಲಿದ್ದರೆ ಸಾಕು. ಹತ್ತಡಿ ಚೌಕದ ಚಪ್ಪರಕ್ಕೆ ನಾಲ್ಕು ಕಂಬಗಳೂ ಕೆಲವು ಬಿದಿರ ಗಳುಗಳೂ ಬೇಕು. ಕಂಬಗಳಿಗೆ ಗೊಬ್ಬರದ ಗಿಡದ ಕೊಂಬೆಗಳನ್ನು ನೆಟ್ಟರೆ ಅವು ಚಿಗುರಿ, ಕಂಬವೂ ಆಗುವುವು, ಸೊಪ್ಪನ್ನೂ ಕೊಡುವುವು. ಇಷ್ಟೂ ಅನುಕೂಲವಿಲ್ಲದವರು ಬೇಲಿಯ ಮೇಲೆಯೋ ದನದ ಕೊಟ್ಟಿಗೆಯ ಮಾಡಿನ ಮೇಲೆಯೋ ಬಳ್ಳಿಯನ್ನು ಹಬ್ಬಿಸಬಹುದು. ಆದರೆ ಕೈಗೆಟಕದ ಎತ್ತರದಲ್ಲಿ ಹಬ್ಬಿದ ಬಳ್ಳಿಯ ಕಾಯಿ ಅಲ್ಲಿಯೇ ಬಲಿಯುವುದರಿಂದ, ಮುಂದೆ ಹೇಳುವ ಕಾರಣದಿಂದ, ಫಲವು ಕಡಮೆಯಾಗುವುದು.

ಪಾತ್ರೆ ತೊಳೆದ ನೀರೂ ಬಚ್ಚಲ ನೀರೂ ಎರಡು ಬಳ್ಳಿಗಳಿಗೆ ಧಾರಾಳವಾಗಿ ಸಾಕು. ಬಟ್ಟೆಯ ಪುಡಿಯ ನೊರೆನೀರನ್ನು ಮಾತ್ರ ಬೇರೆ ಕಡೆಗೆ ಹರಿಸಬೇಕು. ಅವರೆಯ ಬೇರಿನಲ್ಲಿರುವ ಗಂಟುಗಳೊಳಗಿನ ಸೂಕ್ಷ್ಮ ಜೀವಿಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಬಳ್ಳಿಗೆ ಒದಗಿಸುವುದರಿಂದ ಯೂರಿಯ ಗೊಬ್ಬರವನ್ನು ಹಾಕಬೇಕಾದುದೇ ಇಲ್ಲ. ಹಾಕಿದರೆ ಚಪ್ಪರವು ಕಣ್ಣಿಗೆ ಹಬ್ಬವಾಗುವಂತೆ ಹಸುರಾಗುವುದು, ಹೂವಾದರೋ ತಡವಾಗುವುದು. ಹೆಚ್ಚು ಗೊಬ್ಬರವೆಂದರೆ ಹೆಚ್ಚು ಫಲವೆಂದು ತಿಳಿದಿರುವ ದೊಡ್ಡ ರೈತರೇ ಈ ತಪ್ಪನ್ನು ಹೆಚ್ಚಾಗಿ ಮಾಡುವರು.

ಕೊಯ್ಲು

ಬಿತ್ತುವುದಕ್ಕಿಂತಲೂ ಕೊಯ್ಯುವುದರಲ್ಲಿ ಹೆಚ್ಚು ವಿವೇಕವು ಬೇಕು. ಬಳ್ಳಿಯ ಉದ್ದೇಶವು ಬೀಜವನ್ನು ಬಲಿಯಿಸುವುದು. ಮನೆಯವರ ಉದ್ದೇಶವು ಎಳೆಯ ಕಾಯನ್ನು ಪಡೆಯುವುದು. ಕೆಲವು ಕಾಯಿಗಳು ಬಲಿತು ಬೀಜ ಕಟ್ಟಿದವೆಂದರೆ ಬಳ್ಳಿಯು ತನ್ನ ಸಾರವನ್ನೆಲ್ಲ ಆ ಬೀಜಗಳಿಗೆ ಹರಿಸಿ ಹೊಸ ಹೂವುಗಳನ್ನು ಕಡಮೆ ಮಾಡುವುದು. ಆದುದರಿಂದ ಕಾಳು ಇನ್ನೂ ಉಬ್ಬದೆ, ಮುರಿದರೆ ನಾರಿಲ್ಲದೆ ಮುರಿಯುವ ಹದದಲ್ಲಿ, ಮೂರು ನಾಲ್ಕು ದಿನಗಳಿಗೊಮ್ಮೆ ತಪ್ಪದೆ ಕೊಯ್ಯಬೇಕು. ಈ ಹೊತ್ತು ಅಡಿಗೆಗೆ ಬೇಡವೆಂದು ಬಿಡತಕ್ಕದ್ದಲ್ಲ. ಮನೆಗೆ ಬೇಡವಾದರೆ ನೆರೆಯವರಿಗೆ ಬೇಕಾಗಿರುವುದು. ಕೊಯ್ದು ಕೊಟ್ಟಷ್ಟೂ ಬಳ್ಳಿಯು ಕೊಡುವುದು.

ಕೊಯ್ಯುವಾಗ ಗೊಂಚಲನ್ನೇ ಮುರಿಯುವ ಕೆಟ್ಟ ರೂಢಿಯು ಹಲವೆಡೆಗಳಲ್ಲಿದೆ. ಅವರೆಯ ಗೊಂಚಲು ಬುಡದಿಂದ ತುದಿಯ ಕಡೆಗೆ ಕ್ರಮವಾಗಿ ಅರಳುವುದು. ಬುಡದ ಕಾಯಿ ಹದಕ್ಕೆ ಬಂದಾಗ ತುದಿಯಲ್ಲಿ ಇನ್ನೂ ಮೊಗ್ಗುಗಳಿರುತ್ತವೆ. ಗೊಂಚಲನ್ನು ಮುರಿದವನು ಇಂದಿನ ನಾಲ್ಕು ಕಾಯಿಗಳಿಗಾಗಿ ಮುಂದಿನ ಹತ್ತನ್ನು ಕಳೆದುಕೊಳ್ಳುವನು. ಒಂದು ಕೈಯಲ್ಲಿ ಗೊಂಚಲನ್ನು ಹಿಡಿದು, ಇನ್ನೊಂದರಿಂದ ಒಂದೊಂದೇ ಕಾಯಿಯ ತೊಟ್ಟನ್ನು ಬಿಡಿಸುವುದು ಯುಕ್ತವಾದ ಕ್ರಮ.

ಹುಳು ಮತ್ತು ವಿಷ

ಅವರೆಗೆ ಹೇನು ಮುತ್ತುವುದೂ ಕಾಯಿಕೊರಕವು ಬೀಳುವುದೂ ಸಾಮಾನ್ಯ. ಹೇನು ಎಳೆಯ ಕುಡಿಯಲ್ಲಿ ಮೊದಲು ಕಾಣಿಸಿದಾಗಲೇ ಕುಡಿಯನ್ನು ಚಿವುಟಿ ಹಾಕಿದರೆ, ಇಲ್ಲವೆ ನೀರಿನ ಎರಚಲಿನಿಂದ ತೊಳೆದರೆ ಬಹುಮಟ್ಟಿಗೆ ಹತೋಟಿಗೆ ಬರುವುದು. ಗುಲಗಂಜಿ ಹುಳುಗಳು ಹೇನನ್ನು ತಿನ್ನುವುದರಿಂದ ಅವನ್ನು ಕೊಲ್ಲಬಾರದು. ಕೊರಕದ ಹುಳುಗಳನ್ನು ಬೆಳಗಿನ ಹೊತ್ತು ಕೈಯಿಂದ ಆರಿಸಿ ತೆಗೆಯುವುದು ಎರಡು ಬಳ್ಳಿಗಳ ಮಟ್ಟಿಗೆ ಕಷ್ಟವೇನಲ್ಲ. ಅದಕ್ಕೂ ಮೀರಿದರೆ, ಲೀಟರು ನೀರಿಗೆ ೫೦ ಗ್ರಾಮಿನಂತೆ ಬೇವಿನ ಬೀಜದ ತಿರುಳನ್ನು ಅರೆದು ರಾತ್ರಿಯೆಲ್ಲ ನೆನೆಯಿಟ್ಟು, ಸೋಸಿ, ಸ್ವಲ್ಪ ಸಾಬೂನನ್ನು ಕರಗಿಸಿ ಸಂಜೆಯ ಹೊತ್ತು ಸಿಂಪಡಿಸಬಹುದು. ಎಲೆಗಳು ಹಳದಿಯ ಮಚ್ಚೆಗಳಿಂದ ಚಿತ್ರಿತವಾದ ಬಳ್ಳಿಯನ್ನು ಮಾತ್ರ ಕನಿಕರಿಸದೆ ಕಿತ್ತುಹಾಕಬೇಕು. ಬಿಳಿಯ ನೊಣವು ಆ ರೋಗವನ್ನು ಬೇರೆ ಬಳ್ಳಿಗಳಿಗೆ ಹರಡುವುದು.

ಹೊಲಕ್ಕೆ ತಂದ ಕೀಟನಾಶಕದಲ್ಲಿ ಮಿಕ್ಕುದನ್ನು ಹಿತ್ತಿಲಿನ ಬಳ್ಳಿಗೆ ಹೊಡೆಯುವ ಅಭ್ಯಾಸವು ಖಂಡನೀಯವಾದುದು. ವಿಷವನ್ನು ಸಿಂಪಡಿಸಿದಮೇಲೆ ಕೊಯ್ಲಿಗೆ ಇಂತಿಷ್ಟು ದಿನ ಕಾಯಬೇಕೆಂಬ ನಿಯಮವುಂಟು. ಮೂರು ದಿನಗಳಿಗೊಮ್ಮೆ ಕೊಯ್ಯತಕ್ಕ ಕಾಯಿಗೆ ಆ ನಿಯಮವನ್ನು ಪಾಲಿಸುವ ಬಗೆ ಹೇಗೆ? ಪೇಟೆಯ ತರಕಾರಿಯ ವಿಷಕ್ಕೆ ಹೆದರಿ ಮನೆಯಲ್ಲಿ ಬೆಳೆದವನು ಅದೇ ವಿಷವನ್ನು ತನ್ನ ಕೈಯಿಂದಲೇ ಮಕ್ಕಳ ತಟ್ಟೆಗೆ ಬಡಿಸಿದಂತಾಗುವುದು.

ಬೀಜದ ಆಯ್ಕೆ

ಚೆನ್ನಾದ ಕಾಯಿಗಳನ್ನೆಲ್ಲ ತಿಂದು, ಕಡೆಯಲ್ಲಿ ಉಳಿದ ಹುಳುಕು ಕಾಯಿಗಳನ್ನು ಬೀಜಕ್ಕೆ ಬಿಡುವುದು ಎಲ್ಲೆಡೆಯಲ್ಲಿಯೂ ಕಂಡುಬರುವ ದೋಷ. ಬೀಜದ ದನವನ್ನು ಹೀಗೆ ಆರಿಸುವ ರೈತನುಂಟೆ? ರೋಗವಿಲ್ಲದೆ ಹೆಚ್ಚು ಕಾಯುವ ಒಂದು ಬಳ್ಳಿಯನ್ನು ಮೊದಲೇ ಗೊತ್ತುಮಾಡಿ, ಅದರ ಕೆಲವು ಒಳ್ಳೆಯ ಗೊಂಚಲುಗಳಿಗೆ ಬಣ್ಣದ ದಾರವನ್ನು ಕಟ್ಟಿ, ಮನೆಯವರೆಲ್ಲರಿಗೂ ಅವನ್ನು ಮುಟ್ಟಬಾರದೆಂದು ತಿಳಿಸಬೇಕು. ಬೀಜ ಬಲಿತ ಬಳ್ಳಿಯಲ್ಲಿ ಫಲ ಕುಗ್ಗುವುದಾದುದರಿಂದ ಈ ಕಾರ್ಯಕ್ಕೆ ಒಂದೇ ಬಳ್ಳಿಯನ್ನು ಮೀಸಲಿಟ್ಟು, ಉಳಿದುವನ್ನು ಅಡಿಗೆಗೆ ಬಿಡುವುದು ಉತ್ತಮ. ಕಾಯಿ ಬಳ್ಳಿಯಲ್ಲಿಯೇ ಒಣಗಿದಮೇಲೆ ಬಿಡಿಸಿ, ಕಾಳನ್ನು ಬಿಸಿಲಿನಲ್ಲಿ ಚೆನ್ನಾಗಿ ಆರಿಸಿ, ಜರಡಿ ಹಿಡಿದ ಬೂದಿಯನ್ನು ಬೆರಸಿ ಬಿಗಿಯಾದ ಡಬ್ಬಿಯಲ್ಲಿಡತಕ್ಕದ್ದು. ಕಾಳನ್ನು ಕೊರೆಯುವ ಹುಳುವು ಕಣಜದಲ್ಲಿ ಹುಟ್ಟುವುದೆಂದು ಅನೇಕರು ಭಾವಿಸಿರುವರು. ಹಲವು ವೇಳೆ ಅದರ ಮೊಟ್ಟೆಯು ಕಾಯಿಯ ಮೇಲೆಯೇ ಮನೆಗೆ ಬಂದಿರುತ್ತದೆ. ಆದುದರಿಂದ ಒಣಗಿಸುವುದರಲ್ಲಿ ವಿಳಂಬವು ಸಲ್ಲದು.

ಇಂಗ್ಲೆಂಡಿನ ಒಂದು ದೃಷ್ಟಾಂತ

ಇಂಗ್ಲೆಂಡಿನ ಜನರು ರನ್ನರ್ ಬೀನ್ಸ್ ಎಂಬ ಬಳ್ಳಿಯನ್ನು ಇದೇ ರೀತಿಯಾಗಿ ಮನೆಯ ತೋಟಗಳಲ್ಲಿ ಬೆಳೆಸುವರು. ಅದು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಎತ್ತರವಾದ ಬೆಟ್ಟಸೀಮೆಯ ಸಸ್ಯ. ೧೭ನೆಯ ಶತಮಾನದಲ್ಲಿ ಇಂಗ್ಲೆಂಡಿಗೆ ಬಂದು, ಮೊದಲು ಕೆಂಪು ಹೂವಿನ ಅಂದಕ್ಕಾಗಿ ಬೆಳೆಸಲ್ಪಟ್ಟು, ಕಾಲಕ್ರಮದಲ್ಲಿ ಆಹಾರದ ಬೆಳೆಯಾಯಿತು. ಹಿಮದ ಭಯವು ಕಳೆದ ಮೇ ತಿಂಗಳಿನಲ್ಲಿ ಬೀಜವನ್ನೂರಿ, ಎಂಟಡಿಯ ಕೋಲುಗಳಿಗೆ ಹಬ್ಬಿಸಿ, ಆರರಿಂದ ಎಂಟು ಅಂಗುಲದ ಎಳೆಯ ಕಾಯನ್ನು ಎರಡು ಮೂರು ದಿನಗಳಿಗೊಮ್ಮೆ ಕೊಯ್ಯುವರು. ಕೊಯ್ಯದೆ ಬಿಟ್ಟರೆ ಹೂವು ನಿಲ್ಲುವುದೆಂಬ ಪಾಠವನ್ನು ಅಲ್ಲಿಯ ತೋಟಗಾರರೂ ಬಲ್ಲರು. ಆದರೆ ಸೆಕೆಯಲ್ಲಿ ಈ ಬಳ್ಳಿಯ ಹೂವು ಕಾಯಿ ಕಟ್ಟದೆ ಉದುರುವುದರಿಂದ ಬಯಲುಸೀಮೆಯವರು ಅದರ ಬೀಜಕ್ಕೆ ಆಸೆಪಡಬೇಕಾದುದಿಲ್ಲ. ಅವರಿಂದ ತೆಗೆದುಕೊಳ್ಳತಕ್ಕದ್ದು ಬೀಜವನ್ನಲ್ಲ, ಏರ್ಪಾಡನ್ನು.

ಆ ಏರ್ಪಾಡು ಯಾವುದೆಂದರೆ: ಸ್ವಂತ ನೆಲವಿಲ್ಲದವರಿಗೆ ತರಕಾರಿಯನ್ನು ಬೆಳೆದುಕೊಳ್ಳಲು ಸಣ್ಣ ತುಂಡುಗಳನ್ನು ಗೇಣಿಗೆ ಒದಗಿಸುವ ಹೊಣೆಯನ್ನು ೧೯೦೮ರ ಕಾನೂನು ಅಲ್ಲಿಯ ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿತು. ಅಲಾಟ್‌ಮೆಂಟ್ ಎಂದು ಕರೆಯಲ್ಪಡುವ ಇಂತಹ ಒಂದು ತುಂಡಿನ ರೂಢಿಯ ಅಳತೆಯು ಎಕರೆಯ ಹದಿನಾರನೆಯ ಒಂದು ಭಾಗ, ಎಂದರೆ ಎರಡೂವರೆ ಗುಂಟೆ. ೧೯೩೯ರಿಂದ ೧೯೪೫ರವರೆಗೆ ನಡೆದ ಯುದ್ಧಕಾಲದಲ್ಲಿ ಹೊರಗಿನಿಂದ ಬರುತ್ತಿದ್ದ ಆಹಾರಕ್ಕೆ ಅಡ್ಡಿಯುಂಟಾದಾಗ ಈ ತುಂಡುಗಳೇ ಅನೇಕ ಕುಟುಂಬಗಳಿಗೆ ತರಕಾರಿಯನ್ನು ಒದಗಿಸಿದುವು.

ಹಿತ್ತಿಲಿಲ್ಲದವರ ವಿಚಾರ

ಜಮೀನುದಾರರು ವಿಶೇಷವಾಗಿ ಆಲೋಚಿಸಬೇಕಾದ ವಿಷಯವು ಇದೇ. ಹಿತ್ತಿಲಿದ್ದು ಬೆಳೆಯದವನ ಮಾತು ಬೇರೆ. ಹಿತ್ತಿಲೇ ಇಲ್ಲದವನ ಮಾತು ಬೇರೆ. ಹಳ್ಳಿಗಳಲ್ಲಿ ಕೂಲಿಯಿಂದ ಜೀವಿಸುವವರ ಮನೆಗಳು ಅನೇಕ ಕಡೆಗಳಲ್ಲಿ ಗೋಡೆಗೆ ಗೋಡೆ ತಗಲುವಂತೆ ಕಟ್ಟಲ್ಪಟ್ಟಿವೆ. ಊರಿನ ರಾಗಿಯನ್ನು ಕೊಯ್ಯುವವರೂ ಅವರೆಯನ್ನು ಬಿಡಿಸುವವರೂ ಅವರೇ. ಪೇಟೆಯ ಬೆಲೆಯನ್ನು ತೆತ್ತು ತರಕಾರಿಯನ್ನು ಕೊಳ್ಳಲಾರದೆ ಬರಿಯ ಖಾರದ ನೀರಿನಿಂದ ಮುದ್ದೆಯನ್ನು ಉಣ್ಣುವವರೂ ಅವರೇ. ಹತ್ತಡಿ ಚೌಕದ ಒಂದು ಚಪ್ಪರಕ್ಕೆ ಬೇಕಾಗುವ ನೆಲವು ನೂರು ಚದರಡಿ. ಒಂದು ಗುಂಟೆಯಲ್ಲಿ ಇಂತಹ ಹತ್ತು ಚಪ್ಪರಗಳಿಗೆ ಸ್ಥಳವುಂಟು. ಹತ್ತು ಕುಟುಂಬಗಳ ತರಕಾರಿಗೆ ಒಂದು ಗುಂಟೆಯು ಹೆಚ್ಚೆಂದು ಯಾವ ಊರೂ ಹೇಳಲಾರದು.

ಇದಕ್ಕೆ ಒಂದು ಆಕ್ಷೇಪಣೆಯುಂಟು. ೧೯೬೧ರ ಭೂಸುಧಾರಣೆಯ ಕಾನೂನು ೧೯೭೪ರ ತಿದ್ದುಪಡಿಯಿಂದ ಬಲಗೊಂಡು, ಉಳುವವನಿಗೆ ಭೂಮಿಯ ಒಡೆತನವನ್ನು ಕೊಟ್ಟಂದಿನಿಂದ, ತಮ್ಮ ನೆಲದಲ್ಲಿ ಬೇರೊಬ್ಬರಿಗೆ ಕೈಯಾಡಿಸಲು ಬಿಡುವುದಕ್ಕೆ ಅನೇಕ ಜಮೀನುದಾರರು ಅಂಜುವರು. ಈ ಅಂಜಿಕೆಯನ್ನು ಹಾಸ್ಯಮಾಡತಕ್ಕದ್ದಲ್ಲ. ಆದರೆ ಅದನ್ನು ನೆವಮಾಡಿಕೊಂಡು ಕೈಕಟ್ಟಿ ಕೂರತಕ್ಕದ್ದೂ ಅಲ್ಲ. ಅವರೆಯು ಬಳ್ಳಿ, ಅದಕ್ಕೆ ನೆಲಕ್ಕಿಂತಲೂ ಆಸರೆಯು ಹೆಚ್ಚಾಗಿ ಬೇಕು. ಊರಿಗೆ ಸಮೀಪವಾದ ಹೊಲದ ಬೇಲಿಯ ಮೇಲೆ ಬಳ್ಳಿಯನ್ನು ಹಬ್ಬಿಸಿಕೊಂಡು ಕಾಯಿ ಕೊಯ್ದುಕೊಳ್ಳಿರೆಂದು ಕೂಲಿಯವರಿಗೆ ಹೇಳುವುದರಿಂದ ಒಂದು ಅಡಿಯ ಭೂಮಿಯೂ ಕೈಬಿಡುವುದಿಲ್ಲ. ಅದೂ ಒಲ್ಲದವರು ಗ್ರಾಮ ಪಂಚಾಯತಿಯ ಸಭೆಯಲ್ಲಿ ಶಾಲೆಯ ಆವರಣ, ಅಂಗನವಾಡಿಯ ಹಿಂಭಾಗ, ಕೊಳವೆಬಾವಿಯ ನೀರು ಹರಿದುಹೋಗುವ ಸಾರ್ವಜನಿಕ ಸ್ಥಳ ಇವುಗಳ ವಿಚಾರವನ್ನೆತ್ತಿ, ಅಲ್ಲಿ ಚಪ್ಪರಗಳನ್ನು ಹಾಕಿಸಬಹುದು. ಮಾತಿಗೆ ತೂಕವುಳ್ಳವರು ಎತ್ತಿದ ವಿಚಾರವು ಸಭೆಯಲ್ಲಿ ನಡೆಯುವುದು. ಹಿತ್ತಿಲಿಲ್ಲದವನು ಎತ್ತಿದರೆ ಅದು ಯಾಚನೆಯಂತೆ ಕೇಳಿಸುವುದು. ಮುಖಂಡತನದ ಅರ್ಥವೇ ಇದು.

ದನಗಳೂ ಮಕ್ಕಳೂ ಹಾಳುಮಾಡುವರೆಂಬುದು ಇನ್ನೊಂದು ಮಾತು. ಒಬ್ಬನ ಹಿತ್ತಿಲಿನಲ್ಲಿ ಮಾತ್ರ ಕಾಯಿದ್ದರೆ ಕಳ್ಳತನವಾಗುವುದು ಸಹಜ. ಎಲ್ಲರ ಹಿತ್ತಿಲಿನಲ್ಲಿಯೂ ಇದ್ದರೆ ಕದಿಯುವವರಾರು?

ಆದುದರಿಂದ ಪ್ರತಿಯೊಂದು ಊರಿನ ಯಜಮಾನರೂ ಈ ಚಳಿಗಾಲದಲ್ಲಿ ತಮ್ಮ ಊರಿನ ಒಳ್ಳೆಯ ಬಳ್ಳಿ ಯಾವ ಮನೆಯಲ್ಲಿದೆಯೆಂಬುದನ್ನು ವಿಚಾರಿಸಿ ತಿಳಿದುಕೊಳ್ಳಲಿ. ಅನೇಕ ಊರುಗಳಲ್ಲಿ ಅದು ಯಾರೋ ಮುದುಕಿಯ ಗುಡಿಸಲಿನ ಹಿಂದೆ ಇರುವುದು. ಆಕೆಯಿಂದ ಒಂದು ಸೇರು ಬೀಜವನ್ನು ತಕ್ಕ ಬೆಲೆ ಕೊಟ್ಟು ಪಡೆದು, ಮುಂದಿನ ಪುನರ್ವಸು ಮಳೆಗೆ ಮೊದಲು ಮನೆಗೆ ಹತ್ತು ಕಾಳಿನಂತೆ ಹಂಚಲಿ. ಮೊದಲನೆಯ ಗುಣಿಯನ್ನು ತಮ್ಮ ಹಿತ್ತಿಲಿನಲ್ಲಿಯೇ ತೋಡಿಸಲಿ. ಎರಡನೆಯದನ್ನು ಹಿತ್ತಿಲಿಲ್ಲದವನಿಗಾಗಿ ತಮ್ಮ ಬೇಲಿಯ ಬುಡದಲ್ಲಿ ತೋಡಿಸಲಿ. ಖರ್ಚು ಹೆಚ್ಚಿನದಲ್ಲ, ಪ್ರಯೋಜನವು ಬರುವ ಸಂಕ್ರಾಂತಿಯ ವೇಳೆಗೆ ಊರಿನ ಎಲ್ಲ ಒಲೆಗಳ ಮೇಲೂ ಕಾಣಿಸುವುದು.